ಪಿಸ್ತೂಲಿನ ಬಿಗಿ ಕುದುರೆ

ನಾಣ್ಯ ಮತ್ತೆ ಬಿದ್ದಿತು.

ಚನ್ನಗಿರಿಯ ಕಾಲೇಜಿನ ಹಿಂದಿನ ಬಯಲಿನಲ್ಲಿ ಖಾಲಿ ಪಿಸ್ತೂಲನ್ನು ಒಂದೇ ಕೈಯಲ್ಲಿ ಚಾಚಿ ನಿಂತಿದ್ದ ರುದ್ರಾಣಿ ಹಲ್ಲು ಕಚ್ಚಿದಳು. ನಳಿಗೆಯ ಮೇಲೆ ಐದು ಪೈಸೆಯ ನಾಣ್ಯವಿಟ್ಟು, ಅದು ಅಲುಗದಂತೆ ಬೆರಳಿನಿಂದ ಕುದುರೆ, ಅಂದರೆ ಟ್ರಿಗರ್, ಎಳೆಯಬೇಕು. ಹವಾಲ್ದಾರ್ ಉಚ್ಚಂಗೆಪ್ಪನವರ ಪಾಠವೆಲ್ಲ ಇಷ್ಟೇ.

"ಬಿತ್ತೇನವ್ವ? ಎತ್ಕೋ. ಬಗ್ಗಿ ಬಗ್ಗಿ ಎತ್ತಿದ್ರೆ ಸೊಂಟನಾದ್ರೂ ಗಟ್ಟಿ ಆಗ್ತೈತೆ."

ಜಗಳೂರಿನವರಾದ ಉಚ್ಚಂಗೆಪ್ಪನವರು ಸೈನ್ಯದಿಂದ ನಿವೃತ್ತರಾಗಿ ಬಂದು ಕಾಲೇಜಿನ ಹುಡುಗ ಹುಡುಗಿಯರಿಗೆ ಎನ್.ಸಿ.ಸಿ. ಕಲಿಸುತ್ತಿದ್ದರು. ರೈಫಲ್ ಕ್ಲಬ್ಬಿನಿಂದ ಈ ಪಿಸ್ತೂಲನ್ನು ತಮ್ಮ ಜವಾಬ್ದಾರಿಯ ಮೇಲೆ ತಂದು ರುದ್ರಾಣಿಯ ಕೈಗಿಟ್ಟವರೂ ಅವರೇ.

"ಬಲು ಬಿಗಿ ಐತೆ ಸರ್ ಇದು. ಎಳೆಯೋವಾಗ ಕೈಯೇ ತಿರುಗ್ತೈತೆ. ಗುಂಡೆಲ್ಲ ಎಡಕ್ಕೇ ಹೋಗ್ತಾವೆ. ನ್ಯಾಮತಿ ಓಬಣ್ಣನ ಕೈಲಿ ಒಂಚೂರು ಅರ ಹಾಕಿಸಿದ್ರೆ..."

"ನಡುಗೋದು ನಿನ್ನ ಬೆರಳು, ಅರ ಹಾಕೋದು ಕಬ್ಬಿಣಕ್ಕಾ? ಬೆಳಗ್ಗೆ ಎಳಿ, ಸಂಜೆ ಎಳಿ. ಬೆರಳು ತಾನಾಗೇ ಬುದ್ಧಿ ಕಲೀತೈತೆ."

"ಕಲಿಯೋ ಹೊತ್ತಿಗೆ ಹೊನ್ನಾಳಿ ಮುಗಿದಿರ್ತೈತೆ ಸರ್."

ಅದು ೧೯೮೪ರ ಚಳಿಗಾಲ. ಹೊನ್ನಾಳಿಯ ಆಯ್ಕೆ ಸ್ಪರ್ಧೆಗೆ ಉಳಿದಿದ್ದುದು ಕೆಲವೇ ವಾರ. ಅಲ್ಲಿಂದ ರಾಜ್ಯ ತಂಡಕ್ಕೆ ಹೋಗುವವಳು ಒಬ್ಬಳೇ ಹುಡುಗಿ. ಹಿಂದಿನ ಎರಡು ವರ್ಷವೂ ಆ ಜಾಗ ರುದ್ರಾಣಿಯ ಕೈಗೆ ಬಂದಂತೆಯೇ ಆಗಿ, ಎಡಕ್ಕೆ ಜಾರಿದ ಒಂದೊಂದು ಗುಂಡಿನಿಂದ ತಪ್ಪಿಹೋಗಿತ್ತು. ಈ ಸಲವೂ ಸೋತರೆ ಪಿಸ್ತೂಲು ಬೇರೊಬ್ಬರ ಪಾಲಾಗುತ್ತಿತ್ತು.

ಕುದುರೆಯನ್ನು ಸಡಿಲಿಸುವುದಕ್ಕೆ ನಿಯಮದ ಅಡ್ಡಿಯಿರಲಿಲ್ಲ. ಆದರೆ ಅದಕ್ಕೊಂದು ಗೆರೆಯಿತ್ತು: ಅದಕ್ಕೆ ಒಂದು ಕಿಲೋ ಭಾರವನ್ನು ತೂಗುಬಿಟ್ಟಾಗ ಕುದುರೆ ಜಾರದೆ ತಡೆದು ನಿಲ್ಲಬೇಕು. ನಿಲ್ಲದಿದ್ದರೆ ಸ್ಪರ್ಧೆಗೆ ಪ್ರವೇಶವಿಲ್ಲ.

ಕಡೆಗೆ ಉಚ್ಚಂಗೆಪ್ಪನವರೇ ಮಣಿದರು. "ಹಾಕ್ಸು. ನನಗೆ ಮನಸ್ಸಿಲ್ಲ, ಆದ್ರೂ ಹಾಕ್ಸು. ಕಿಲೋ ಅಂದ್ರೆ ಕಿಲೋ ಇರಬೇಕು ಮತ್ತೆ. ಸೋತ್ರೆ ಸೋಲನ, ಕಳ್ಳಾಟ ಮಾತ್ರ ಬ್ಯಾಡ."

ಉಬ್ರಾಣಿ ಸೀಮೆಯ ರೈತರು ಹಂದಿಗಳಿಂದ ಬೆಳೆ ಕಾಯಲು ಇಟ್ಟುಕೊಂಡ ಕೋವಿಗಳನ್ನೆಲ್ಲ ರಿಪೇರಿ ಮಾಡುತ್ತಿದ್ದವನು ನ್ಯಾಮತಿಯ ಓಬಣ್ಣ. ಸಂತೆಯ ದಿನ ಅವನು ಅರದ ಚೀಲದೊಂದಿಗೆ ಬಂದು, ರುದ್ರಾಣಿಯ ತಂದೆ ಬೆನಕಪ್ಪನ ಕಿರಾಣಿ ಅಂಗಡಿಯ ಒಳಜಗುಲಿಯಲ್ಲಿ ಕುಳಿತ. ಪಿಸ್ತೂಲನ್ನು ಬಿಚ್ಚಿ ಹರಡಿದ.

"ತೂಕ ನೋಡ್ತಾ ನೋಡ್ತಾ ತೇಯಬೇಕು. ಒಂದು ಕಿಲೋ ಕಲ್ಲು ಕೊಡ್ರಿ."

ರುದ್ರಾಣಿ ತಕ್ಕಡಿಯ ತಟ್ಟೆಯಲ್ಲಿದ್ದ ಕಲ್ಲನ್ನು ಎತ್ತಿಕೊಂಡಳು. ಬೆನಕಪ್ಪ ಗಾದಿಯಿಂದ ಅರ್ಧ ಎದ್ದ.

"ತಡಿಯವ್ವ, ಒಳಗಿನ ಕಲ್ಲು ತರ್ತೀನಿ."

ಸೆರಗಿಗೆ ಬೆಲ್ಲ ಹಾಕಿಸಿಕೊಂಡು ನಿಂತಿದ್ದ ಗಾದ್ರಮ್ಮ ಗಲ್ಲಕ್ಕೆ ಕೈಯಿಟ್ಟಳು. "ಯಾಕ್ರೀ ಸಾಹುಕಾರ್ರೇ? ನಮ್ಮ ಬೆಲ್ಲಕ್ಕೆ ಆಗೋ ಕಲ್ಲು ನಿಮ್ಮ ಮಗಳ ಪಿಸ್ತೂಲಿಗೆ ಆಗಂಗಿಲ್ವಾ?"

ಅಂಗಡಿಯ ಮುಂದಿದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಬೆನಕಪ್ಪ. "ಆಗದೇ ಏನಮ್ಮ! ಅದೇ ಆಗ್ತೈತೆ, ತಗೊಳ್ರಿ," ಎಂದು ಮತ್ತೆ ಕುಳಿತುಬಿಟ್ಟ.

ಓಬಣ್ಣ ತೇಯುವುದು, ಜೋಡಿಸುವುದು, ಕೊಕ್ಕೆಯಿಂದ ಕುದುರೆಗೆ ಕಲ್ಲು ಸಿಕ್ಕಿಸಿ ಎತ್ತುವುದು, ಮತ್ತೆ ಬಿಚ್ಚುವುದು. ರುದ್ರಾಣಿ ಪಕ್ಕದಲ್ಲೇ ಕೂತು ನೋಡುತ್ತಿದ್ದಳು. ಕೊನೆಗೊಮ್ಮೆ ಅವನು ಅರವನ್ನು ಕೆಳಗಿಟ್ಟ. ಕಲ್ಲು ಗಾಳಿಯಲ್ಲಿ ತೂಗುತ್ತಿತ್ತು, ಕುದುರೆ ಅಲುಗಲಿಲ್ಲ.

"ಇನ್ನೊಂದು ಎಳೆ ತೇದ್ರೂ ಜಾರ್ತೈತೆ. ಇಲ್ಲಿಗೆ ಸಾಕು," ಎಂದ ಓಬಣ್ಣ.

ಆಮೇಲಿನ ದಿನಗಳು ಹಬ್ಬದಂತೆ ಕಳೆದವು. ನಾಣ್ಯ ನಳಿಗೆಗೆ ಅಂಟಿದಂತೆ ಕೂರತೊಡಗಿತು. ಗುಂಡುಗಳು ಗುರಿಹಲಗೆಯ ಕಪ್ಪು ವೃತ್ತವನ್ನು ಬಿಟ್ಟು ಕದಲಲಿಲ್ಲ. ಉಚ್ಚಂಗೆಪ್ಪನವರು ಕೂಡ ಮೀಸೆಯಡಿಯಲ್ಲಿ ನಕ್ಕರು. ಆ ಕಲ್ಲನ್ನು ರುದ್ರಾಣಿ ತನ್ನ ಚೀಲದಲ್ಲೇ ಇಟ್ಟುಕೊಂಡಳು. ದಿನವೂ ತೂಗಿ ನೋಡಿದ ಮೇಲೆಯೇ ಅವಳ ಅಭ್ಯಾಸ.

ಬೆನಕಪ್ಪ ಮಾತ್ರ ಮಂಕಾಗಿದ್ದ. ಒಂದು ದಿನ ಉಣ್ಣುತ್ತ ಕುಳಿತವನು ತಲೆಯೆತ್ತದೆ ಕೇಳಿದ: "ಮೊದಲಿನಂಗೆ ಬಿಗಿಯಾಗೇ ಇಟ್ಕೊಂಡು, ಹವಾಲ್ದಾರ್ರು ಹೇಳಿದಂಗೆ ಅಭ್ಯಾಸ ಮಾಡಾಕೆ ಆಗಲ್ವೇನವ್ವ?"

"ತೇದ ಕಬ್ಬಿಣ ತಿರುಗಿ ಬೆಳೀತೈತೇನಪ್ಪ?"

ಅವನು ಅನ್ನ ಕಲಸುತ್ತಲೇ ಇದ್ದ, ತುತ್ತು ಬಾಯಿಗೆ ಹೋಗಲಿಲ್ಲ.

ಹೊನ್ನಾಳಿಯಲ್ಲಿ ಹೊಳೆಯ ದಂಡೆಗೆ ಮಣ್ಣಿನ ದಿಬ್ಬ ಕಟ್ಟಿ ಗುರಿಹಲಗೆಗಳನ್ನು ನೆಟ್ಟಿದ್ದರು. ಬಿಸಿಲಿಗೆ ಕಟ್ಟಿದ ಶಾಮಿಯಾನದಡಿ ಸ್ಪರ್ಧಿಗಳ ಪಿಸ್ತೂಲು ಪರೀಕ್ಷೆ ನಡೆಯುತ್ತಿತ್ತು. ರುದ್ರಾಣಿಯ ಜೊತೆ ಉಚ್ಚಂಗೆಪ್ಪನವರೂ ಬೆನಕಪ್ಪನೂ ಬಂದಿದ್ದರು. ತೀರ್ಪುಗಾರ ಓಂಕಾರಪ್ಪನವರು ರುದ್ರಾಣಿಯ ಪಿಸ್ತೂಲನ್ನು ನೆಟ್ಟಗೆ ಹಿಡಿದು, ಕುದುರೆಗೆ ತಮ್ಮ ಭಾರವನ್ನು ಸಿಕ್ಕಿಸಿ, ಮೇಜಿನಿಂದ ನಿಧಾನವಾಗಿ ಎತ್ತಿದರು.

ಟಕ್.

ಕುದುರೆ ಜಾರಿತ್ತು. ಎರಡನೆಯ ಸಲ ಎತ್ತಿದರು. ಟಕ್. ಮೂರನೆಯದೇ ಕೊನೆಯ ಅವಕಾಶ. ಭಾರ ಮೇಜು ಬಿಟ್ಟು ಮೇಲೆದ್ದಿತು, ಒಂದು ಕ್ಷಣ ನಿಂತಿತು.

ಟಕ್.

"ಬೇರೆ ಪಿಸ್ತೂಲು ಇದೆಯೇನಮ್ಮ?"

ಅವಳು ಇಲ್ಲವೆಂದು ತಲೆಯಾಡಿಸಿದಳು. ಆಗ ಉಚ್ಚಂಗೆಪ್ಪನವರು ಜನರನ್ನು ಸರಿಸಿಕೊಂಡು ನುಗ್ಗಿ ಬಂದರು.

"ಇದು ಆಗೋ ಮಾತಲ್ಲ ಸಾರ್! ದಿನಾ ತೂಗಿ ನೋಡೀವಿ. ನಿಮ್ಮ ಕಲ್ಲೇ ಹೆಚ್ಚು ತೂಕ ಇರಬೇಕು. ನಮ್ಮದು ಚೀಲದಾಗೇ ಐತೆ. ತಕ್ಕಡಿ ತರಿಸ್ರಿ, ಎರಡನ್ನೂ ಎದುರುಬದುರು ಇಟ್ಟು ತೂಗ್ರಿ."

ಓಂಕಾರಪ್ಪನವರು ಯೋಚಿಸಿದರು. "ನ್ಯಾಯವಾದ ಮಾತು. ಪೇಟೆಯಿಂದ ತಕ್ಕಡಿ ತರಿಸೋಣ, ಹೆಂಗೂ ವರ್ತಕರೂ ನಾಲ್ಕು ಜನ ಇಲ್ಲೇ ಇದ್ದಾರೆ. ನಮ್ಮದು ತಪ್ಪಿದ್ದರೆ ಹುಡುಗಿಗೆ ಅವಕಾಶ ಕೊಡ್ತೀನಿ."

ಹೋದ ಜೀವ ಬಂದಂತಾಯಿತು. ರುದ್ರಾಣಿ ಚೀಲಕ್ಕೆ ಕೈ ಹಾಕಿ ಕಲ್ಲನ್ನು ತೆಗೆಯುತ್ತ, ಸಂತೋಷದಿಂದ ಅಪ್ಪನತ್ತ ನೋಡಿದಳು.

ಬೆನಕಪ್ಪ ಶಾಮಿಯಾನದ ಕಂಬವನ್ನು ಹಿಡಿದು ನಿಂತಿದ್ದ. ಮುಖ ಸುಣ್ಣವಾಗಿತ್ತು. ಅವನ ಕಣ್ಣು ಮಗಳ ಮೇಲಿರಲಿಲ್ಲ, ಅವಳ ಕೈಯ ಕಲ್ಲಿನ ಮೇಲಿತ್ತು.

ಅವಳ ಬೆರಳು ಕಲ್ಲಿನ ಅಡಿಯನ್ನು ತಡವಿತು. ಸರ್ಕಾರದ ಮುದ್ರೆ ಒತ್ತಿದ ಸೀಸ ತುಂಬಿರಬೇಕಾದ ಕುಳಿ ಬೆರಳೊತ್ತಿದರೆ ತಗ್ಗುತ್ತಿತ್ತು, ಒಳಗೆ ಟೊಳ್ಳಾಗಿತ್ತು. ಯಾರೋ ಒಳಗಿನ ಸೀಸವನ್ನು ಜಾಣತನದಿಂದ ಕೆರೆದು, ಮೇಲೊಂದು ತೆಳು ತಗಡನ್ನು ಉಳಿಸಿದ್ದರು. ಇಷ್ಟು ದಿನ ಕೈಯಲ್ಲೇ ಇದ್ದ ಕಲ್ಲನ್ನು ಅವಳು ಒಮ್ಮೆಯೂ ತಿರುಗಿಸಿ ನೋಡಿರಲಿಲ್ಲ. ಮಾರುವುದಕ್ಕೆ ಈ ಹಗುರ ಕಲ್ಲು, ತೂಕ ಪರೀಕ್ಷಿಸುವ ಇನ್‌ಸ್ಪೆಕ್ಟರು ಬಂದಾಗ ತೋರಿಸುವುದಕ್ಕೆ ಒಳಗಿನ ಕಲ್ಲು.

ಓಬಣ್ಣ ತೇದದ್ದು ಸರಿಯಾಗಿಯೇ ಇತ್ತು, ಈ ಕಲ್ಲಿಗೆ.

"ಕೊಡವ್ವ ಇತ್ಲಾಗೆ," ಉಚ್ಚಂಗೆಪ್ಪನವರು ಕೈ ಚಾಚಿದರು.

ಕೊಟ್ಟರೆ ಎಲ್ಲರೆದುರು ತಕ್ಕಡಿ ಏಳುತ್ತದೆ. ಸುತ್ತ ನಿಂತ ವರ್ತಕರಲ್ಲಿ ಇಬ್ಬರು ಆಗಲೇ ಬೆನಕಪ್ಪನಿಗೆ ಕೈಮುಗಿದು ಮಾತಾಡಿಸಿ ಹೋಗಿದ್ದರು. ತಕ್ಕಡಿ ಎತ್ತಿದರೂ ಕುದುರೆಯಂತೂ ಬಿಗಿಯಾಗುವುದಿಲ್ಲ. ಅಪ್ಪ ಬಾಯಿ ಬಿಟ್ಟು ಒಂದು ಮಾತಾಡಲಿ ಎಂದು ಅವಳು ಕಾದಳು. ಅವನು ಆಡಲಿಲ್ಲ.

"ಬ್ಯಾಡ ಸರ್."

"ಏನು ಬ್ಯಾಡ?"

"ತೂಗೋದು ಬ್ಯಾಡ." ಅವಳು ಕಲ್ಲನ್ನು ಚೀಲದೊಳಕ್ಕೆ ಬಿಟ್ಟಳು. "ಕುದುರೆ ಹಗುರ ಐತೆ ಅಂತ ನಂಗೆ ಗೊತ್ತಿತ್ತು."

ಉಚ್ಚಂಗೆಪ್ಪನವರ ಚಾಚಿದ ಕೈ ಹಾಗೆಯೇ ನಿಂತಿತು. "ಗೊತ್ತಿತ್ತಾ? ನಿಂಗಾ?"

ಅವಳು ಚೀಲದ ಬಾಯಿ ಬಿಗಿದಳು. ಓಂಕಾರಪ್ಪನವರು ಅವಳ ಹೆಸರಿನ ಮೇಲೆ ಗೀಟು ಹಾಕಿ ಮುಂದಿನವಳನ್ನು ಕರೆದರು.

ಉಚ್ಚಂಗೆಪ್ಪನವರು ಪಿಸ್ತೂಲನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದರು. "ಇದನ್ನ ಕ್ಲಬ್ಬಿಗೆ ನಾನೇ ಮುಟ್ಟಿಸ್ತೀನಿ. ನೀನು ನಾಳೆಯಿಂದ ಬಯಲಿಗೆ ಬರಾಕೆ ಹೋಗಬ್ಯಾಡ." ದನಿ ಏರಿರಲಿಲ್ಲ. ಏರಿದ್ದರೆ ಅವಳಿಗೆ ಅಳುವಾದರೂ ಬರುತ್ತಿತ್ತು.

ಅವರು ಬಸ್ ನಿಲ್ದಾಣದ ಕಡೆಗೆ ಹೊರಟಾಗ ಬೆನಕಪ್ಪ ಕಂಬವನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ಬಂದ. "ಹವಾಲ್ದಾರ್ರೇ..." ಎಂದ.

ರುದ್ರಾಣಿ ತಲೆಯೆತ್ತಿದಳು.

ಉಚ್ಚಂಗೆಪ್ಪನವರು ತಿರುಗಿ, ಅವನ ಮುಖ ನೋಡಿ, ಕನಿಕರದಿಂದ ಅವನ ತೋಳು ಮುಟ್ಟಿದರು. "ಇರಲಿ ಬಿಡ್ರೀ ಸಾಹುಕಾರ್ರೇ, ನಿಮ್ಮದೇನೈತೆ ತಪ್ಪು? ಬೆಳೆದ ಮಗಳು. ಎಷ್ಟೂಂತ ಕಾಯಾಕೆ ಆಗ್ತೈತೆ?"

ಬೆನಕಪ್ಪ ಮಗಳ ಕಡೆಗೊಮ್ಮೆ ನೋಡಿದ. ಆಮೇಲೆ, ಹೌದೆಂಬಂತೆ, ತಲೆಯಾಡಿಸಿದ.