ಅಪಘಾತಕ್ಕಿಂತ ಮೊದಲು

ಮೂರನೆಯ ಸಲ ಬಂದಾಗ ಕಾರಿನವನು ದಾಳಿಂಬೆ ತಂದಿದ್ದ. ಮೊದಲ ಸಲ ಬಾಳೆಹಣ್ಣು, ಎರಡನೆಯ ಸಲ ಸೇಬು. ಹಣ್ಣುಗಳು ಹೀಗೆ ಬಡ್ತಿ ಪಡೆಯುತ್ತಿರುವುದು ಮನೆಯಾಕೆಯ ಕಣ್ಣಿಗೆ ಬಿದ್ದಿತ್ತು. ತಟ್ಟೆ ತರುವ ನೆಪದಲ್ಲಿ ಒಳಗೆ ಹೋದವಳು ಅಡುಗೆಮನೆಯಲ್ಲಿ ನಿಂತಿದ್ದ ತಮ್ಮನ ಕಿವಿಗೆ ಬಾಯಿಟ್ಟಳು.

"ಇನ್ನೊಂದು ಸಲ ಬಂದ್ರೆ ಗೋಡಂಬಿ, ದ್ರಾಕ್ಷಿನೇ. ಲೋ, ಅಷ್ಟೊಂದು ಏನು ಮಾಡಿದಾನೋ ಇವನು?"

ತಮ್ಮ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳ ಹೊತ್ತು ಕೂಗುವವನು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅರ್ಧ ಗಂಟೆಯಲ್ಲಿ ಹಾಗೇ ವಾಪಸು ಕೊಡುತ್ತಿದ್ದ. ಅದಕ್ಕೇ ಮನೆಯಲ್ಲಿ ಅವನ ಹೆಸರು ಟೇಪು. ಈಗ ಕಾರಿನವನ ದನಿಯಲ್ಲೇ, "ತಪ್ಪು ನಂದೇ ಅಮ್ಮ, ನಂದೇ" ಎಂದು ಪಿಸುಗುಟ್ಟಿ, ಎದೆಯ ಮೇಲೆ ಕೈ ಇಟ್ಟುಕೊಂಡ. ಅಕ್ಕ ನಗು ತಡೆಯಲು ತಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದಳು.

ಹೊರಗೆ ಅವಳ ಗಂಡ ಬ್ಯಾಂಡೇಜು ಸುತ್ತಿದ ಬಲಗೈಯನ್ನು ದಿಂಬಿನ ಮೇಲಿಟ್ಟು, ಅದು ತನ್ನದಲ್ಲ, ಯಾರೋ ನೋಡಿಕೊಳ್ಳಿ ಎಂದು ಬಿಟ್ಟುಹೋದದ್ದು ಎಂಬಂತೆ ಕೂತಿದ್ದ. ಹನ್ನೊಂದು ದಿನದ ಹಿಂದೆ, ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ, ವೃತ್ತದ ಹತ್ತಿರ ಈ ಕಾರು ಬಂದು ಅವನ ಸೈಕಲ್ಲಿಗೆ ತಾಗಿತ್ತು. ಹಿಂದಿನ ಚಕ್ರ ಎಂಟರ ಅಂಕಿಯಾಯಿತು. ಅವನ ಮೊಣಕಾಲು ತರಚಿತು, ಮಣಿಕಟ್ಟು ಉಳುಕಿತು. ಮೂಳೆ ಮುರಿದಿಲ್ಲ ಎಂದು ಎಕ್ಸರೇ ಹೇಳಿತ್ತು.

"ಹೊಸ ಸೈಕಲ್ಲು ನಾನು ಕೊಡಿಸ್ತೀನಿ ಸಾರ್. ಆಸ್ಪತ್ರೆದೂ ನನಗೇ ಬಿಡಿ," ಎಂದ ಕಾರಿನವನು. ಐವತ್ತು ದಾಟಿದ, ಬೆಲ್ಟಿನ ಮೇಲೆ ಹೊಟ್ಟೆ ಕೂರಿಸಿಕೊಂಡ ಮನುಷ್ಯ. ಕುರ್ಚಿಯ ತುದಿಯಲ್ಲಿ ಮಾತ್ರ ಕೂರುತ್ತಿದ್ದ. "ಇನ್ಶೂರೆನ್ಸು ಗಿನ್ಶೂರೆನ್ಸು ಅಂತ ಯಾಕೆ ಸಾರ್ ಓಡಾಟ? ಅವರು ನೂರೆಂಟು ಕೇಳ್ತಾರೆ. ನನ್ನ ಕೇಳ್ತಾರೆ, ನಿಮ್ಮನ್ನೂ ಕೇಳ್ತಾರೆ."

"ನಮ್ಮನ್ನೇನು ಕೇಳೋದು?" ಮನೆಯಾಕೆ ತಟ್ಟೆಯನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟಳು. "ಬಂದು ಗುದ್ದಿದ್ದು ನೀವು ತಾನೆ?"

"ನಾನೇ ಅಮ್ಮ."

ಒಂದು ಮಾತಿಗೂ ಜಗ್ಗಾಡದೆ ಒಪ್ಪಿಕೊಂಡುಬಿಟ್ಟನಲ್ಲ ಎಂದು ಅವಳ ಅನುಮಾನಕ್ಕೆ ಇನ್ನೊಂದು ಹಿಡಿ ಗೊಬ್ಬರ ಬಿತ್ತು.

"ಅವರು ಹೇಳೋದೂ ಸರಿ ಕಣೆ," ಎಂದ ಗಂಡ. "ಆಫೀಸು, ಫಾರಂ, ಡಾಕ್ಟ್ರು... ಯಾಕೆ ಸುಮ್ನೆ."

ಅವಳು ಅವನನ್ನೊಮ್ಮೆ, ಕಾರಿನವನನ್ನೊಮ್ಮೆ ನೋಡಿದಳು. ಇಬ್ಬರೂ ದಾಳಿಂಬೆಯನ್ನು ನೋಡುತ್ತಿದ್ದರು.

ಗಂಡನದು ಹಲ್ಲು ಕಟ್ಟುವ ಕೆಲಸ. ಹಲ್ಲಿನ ಡಾಕ್ಟರ ಷಾಪಿನ ಹಿಂಭಾಗದ ಕಿರುಕೋಣೆಯಲ್ಲಿ, ಪ್ಲಾಸ್ಟರಿನ ಅಚ್ಚಿನ ಮೇಲೆ ಗುಲಾಬಿ ಬಣ್ಣದ ಮೇಣದ ವಸಡು ಮಾಡಿ, ಸಣ್ಣ ಚೂರಿಯನ್ನು ದೀಪಕ್ಕೆ ಹಿಡಿದು, ಅದರ ಬಿಸಿಯಲ್ಲಿ ಒಂದೊಂದೇ ಹಲ್ಲನ್ನು ಕೂರಿಸಬೇಕು. ಇಪ್ಪತ್ತೆರಡು ವರ್ಷ ಊರಿನ ಅರ್ಧಕ್ಕರ್ಧ ನಗು ಅವನ ಬೆರಳಿನಿಂದ ಹೊರಟಿದ್ದೇ. ಒಂದು ಸೆಟ್ಟೂ ವಾಪಸು ಬಂದಿರಲಿಲ್ಲ. ಈ ವರ್ಷ ಮೂರು ಬಂದವು. ಮೂರನೆಯದನ್ನು ತಂದವರು ನಿವೃತ್ತ ಮೇಷ್ಟ್ರು. ಸೆಟ್ಟನ್ನು ಬಾಯಲ್ಲಿಟ್ಟುಕೊಂಡೇ, "ಶಾರ್, ಶೀಟಿ ಬರ್ತಿದೆ ಶಾರ್, ಶ್ವಲ್ಪ ಶರಿ ಮಾಡಿ" ಎಂದರು. ಹೊರಗಿನ ಬೆಂಚಿನಲ್ಲಿದ್ದ ರೋಗಿಗಳು ಊದಿದ ದವಡೆ ಹಿಡಿದುಕೊಂಡೇ ನಕ್ಕರು. ಹಲ್ಲು ಕಟ್ಟುವವನು ನಗಲಿಲ್ಲ. ಮುಂದಿನ ಹಲ್ಲು ಒಂದು ಕೂದಲಿನಷ್ಟು ಓರೆಯಾಗಿತ್ತು. ಅದನ್ನು ಕೂರಿಸಿದ ದಿನ ತೋರುಬೆರಳು ತನ್ನಷ್ಟಕ್ಕೆ ತಾನೇ ಅಲುಗಿದ್ದು ಅವನಿಗೆ ಚೆನ್ನಾಗಿ ನೆನಪಿತ್ತು.

ಆಗಿನ್ನೂ ಚಳಿಗಾಲ. ಚಳಿಗೆ ಇರಬೇಕು ಎಂದುಕೊಂಡ. ಬೇಸಿಗೆ ಬಂತು. ಬೆರಳಿಗೆ ಅದು ತಿಳಿದಂತೆ ಕಾಣಲಿಲ್ಲ. ಲೋಟವನ್ನು ಎಡಗೈಯಲ್ಲಿ ಹಿಡಿಯಲು ಕಲಿತ. ಗಡ್ಡಕ್ಕೆ ಕ್ಷೌರದಂಗಡಿಗೆ ಹೋಗತೊಡಗಿದ. ಡಾಕ್ಟರಿಗೆ ಹೇಳಲಿಲ್ಲ, ಹೆಂಡತಿಗೂ ಹೇಳಲಿಲ್ಲ. ಹೇಳಿದರೆ ಅದಕ್ಕೊಂದು ಹೆಸರು ಬರುತ್ತದೆ, ಹೆಸರು ಬಂದರೆ ಕೆಲಸ ಹೋಗುತ್ತದೆ. ನಡುಗುವ ಕೈಗೆ ಯಾರು ತಮ್ಮ ಬಾಯಿ ಒಪ್ಪಿಸುತ್ತಾರೆ?

ಅಂಥದ್ದರಲ್ಲಿ ಕಾರು ಬಂದು ತಾಗಿತು. ಹೇಳಿಕೊಳ್ಳಲು ನಾಚಿಕೆ, ಆದರೆ ಬ್ಯಾಂಡೇಜು ಸುತ್ತಿದ ಮೇಲೆ ಅವನಿಗೆ ಒಂದು ಬಗೆಯ ನಿರಾಳ. ಈಗ ರಾಜಾರೋಷವಾಗಿ ನಡುಗಬಹುದಿತ್ತು. "ಪಾಪ, ಪೆಟ್ಟು" ಎನ್ನುತ್ತಿದ್ದರು ಜನ.

ಕಾರಿನವನು ಹೋದ ಮೇಲೆ ಟೇಪು ದಾಳಿಂಬೆ ಬಿಡಿಸುತ್ತ ಕೂತ.

"ಭಾವ, ಇವನು ಕುಡಿದಿದ್ನೇನೋ."

"ಬೆಳಿಗ್ಗೆ ಎಂಟೂವರೆಗಾ?"

"ಹಾಗಾದ್ರೆ ಲೈಸೆನ್ಸ್ ಇಲ್ಲ. ಇಲ್ಲಾ ಅಂದ್ರೆ ಕಾರು ಅವನದಲ್ಲ."

"ಕಾರು ಅವನದೇ ಕಣೋ. ಹಿಂದಿನ ಗಾಜಿನ ಮೇಲೆ ಮಗಳ ಹೆಸರಿದೆ."

"ಅವನ ಮಗಳ ಹೆಸರು ನಿಮಗೆ ಹೇಗೆ ಗೊತ್ತು?" ಎಂದಳು ಹೆಂಡತಿ.

ಗಂಡ ತಡವರಿಸಿದ. ಎರಡನೆಯ ಸಲ ಬಂದಾಗ ಮಾತು ಬೆಳೆದಿತ್ತು, ತನ್ನ ಕೆಲಸದ ಬಗ್ಗೆ ಅವನು ಕೇಳಿದ್ದ, ಅವನ ಮಗಳ ಬಗ್ಗೆ ತಾನು ಕೇಳಿದ್ದೆ, ಅಷ್ಟೇ ಎಂದ.

"ನೀವಿಬ್ಬರೂ ಸೇರ್ಕೊಂಡು ಏನೋ ಮುಚ್ಚಿಡ್ತಿದೀರ," ಎಂದಳು ಅವಳು. "ಗುದ್ದಿದವನಿಗೆ ಇನ್ಶೂರೆನ್ಸ್ ಬೇಡ, ಸರಿ. ಗುದ್ದಿಸಿಕೊಂಡವರಿಗೂ ಬೇಡ ಅಂದ್ರೆ? ಕೈ ನಾಳೆ ಸರಿಹೋಗ್ಲಿಲ್ಲ ಅಂದ್ರೆ ಯಾರು ಕೇಳೋರು? ಈ ದಾಳಿಂಬೆನಾ?"

"ಅದೇ ಭಾವ," ಟೇಪು ಬಾಯಿತುಂಬ ಕಾಳು ಹಾಕಿಕೊಂಡು ಹೇಳಿದ. "ಕೈ ನಡುಗ್ತಿದೆಯಲ್ಲ, ಅದನ್ನೇ ಮುಂದೆ ಮಾಡಿ ಬರೆಸೋಣ. ಕೆಲಸದ ಕೈ. ಅವರ ಡಾಕ್ಟ್ರೇ ನೋಡ್ಲಿ."

"ಯಾವ ಡಾಕ್ಟ್ರೂ ಬೇಡ!"

ದನಿ ಏರಿದ್ದು ಅವನಿಗೇ ಕೇಳಿಸಿತು. ಟೇಪು ಅಗಿಯುವುದನ್ನು ನಿಲ್ಲಿಸಿದ. ಅಕ್ಕ ತಮ್ಮಂದಿರು ಒಬ್ಬರನ್ನೊಬ್ಬರು ನೋಡಿಕೊಂಡರು. ಆ ನೋಟದಲ್ಲಿ ಒಂದು ತೀರ್ಮಾನವೇ ಆಗಿಹೋದಂತಿತ್ತು.

ಮರುದಿನ ಸಂಜೆ ಟೇಪು ಕಾರಿನವನು ಕೊಟ್ಟುಹೋಗಿದ್ದ ಚೀಟಿ ನೋಡಿ ನಂಬರು ಒತ್ತುವಾಗ ಗಂಡ ಬಚ್ಚಲಲ್ಲಿದ್ದ. ಟವೆಲು ಹೆಗಲಿಗೆ ಹಾಕಿಕೊಂಡು ಹೊರಬರುವಷ್ಟರಲ್ಲಿ ಫೋನು ಮೇಜಿನ ಮೇಲಿತ್ತು, ಸ್ಪೀಕರು ಹಾಕಿತ್ತು, ಟೇಪು ಬೆನ್ನು ನೆಟ್ಟಗೆ ಮಾಡಿಕೊಂಡು ಅಧಿಕಾರಿಯಾಗಿದ್ದ. ಮೂಗಿನಲ್ಲಿ ಅರ್ಧ, ಗಂಟಲಲ್ಲಿ ಅರ್ಧ ಇರುವ, ಊಟದ ಹೊತ್ತಿಗೆ ಕರೆ ಬಂದರೆ ಕಚೇರಿಯವರಿಗೆ ಬರುವ ದನಿ.

"ವಿಮಾ ಕಚೇರಿಯಿಂದ ಮಾತಾಡ್ತಿರೋದು. ತಮ್ಮ ವಾಹನ ಒಂದು ಸೈಕಲ್ಲಿಗೆ ಡಿಕ್ಕಿ ಹೊಡೆದ ಬಗ್ಗೆ ಮಾಹಿತಿ ಬಂದಿದೆ."

"ಲೋ, ಇಡೋ ಕೆಳಗೆ!" ಗಂಡ ಮುಂದೆ ಬಂದ. ಹೆಂಡತಿ ಅವನ ಬಾಯಿಯ ಮೇಲೆ ಕೈ ಇಟ್ಟಳು.

ಆ ಕಡೆ ಯಾವುದೋ ಬಾಗಿಲು ಮುಚ್ಚಿದ ಸದ್ದಾಯಿತು. ಆಮೇಲೆ, "ಅವರೇ ತಿಳಿಸಿದ್ರಾ?"

"ಅದನ್ನ ನಾವು ಹೇಳೋ ಹಾಗಿಲ್ಲ. ತಾವು ಯಾಕೆ ತಿಳಿಸಿಲ್ಲ ಅನ್ನೋದು ಪ್ರಶ್ನೆ."

"ಛೆ. ಬೇಡ ಅಂತ ಅಷ್ಟು ಹೇಳ್ದೆ ಅವರಿಗೆ."

ಟೇಪು ಅಕ್ಕನ ಕಡೆ ಕಣ್ಣರಳಿಸಿ, ಗಾಳ ಹಾಕಿ ಮೀನು ಎಳೆಯುವವನಂತೆ ಕೈ ಆಡಿಸಿದ. "ಯಾಕೆ ಬೇಡ? ನಡೆದದ್ದು ನಡೆದ ಹಾಗೆ ಹೇಳಿ. ಇದು ರೆಕಾರ್ಡ್ ಆಗ್ತಿದೆ."

"ರೆಕಾರ್ಡ್ ಆಗ್ತಿದ್ರೆ ಹೇಳಲ್ಲ ಸಾರ್."

ಇದಕ್ಕೆ ಟೇಪು ಸಿದ್ಧನಿರಲಿಲ್ಲ. "ಸರಿ, ನಿಲ್ಲಿಸಿದೀನಿ," ಎಂದು ಮೇಜಿನ ಮೇಲೆ ಒಂದು ಚಮಚ ಕುಟ್ಟಿದ.

ಕಾರಿನವನು ಉಸಿರು ಬಿಟ್ಟದ್ದು ಇಡೀ ಕೋಣೆಗೆ ಕೇಳಿಸಿತು.

"ಆ ದಿನ ಅವರು ನನ್ನ ಮುಂದೆ ಇದ್ರು ಸಾರ್. ಬಲಗೈ ಹ್ಯಾಂಡಲ್ ಬಿಟ್ಟು ಪಕ್ಕಕ್ಕೆ ಬಂತು. ಹೀಗೆ ಅಲ್ಲಾಡಿಸ್ತಿದ್ರು. ತಿರುಗ್ತೀನಿ ಅಂತ ಕೈ ತೋರಿಸ್ತಿದಾರೆ ಅಂದ್ಕೊಂಡೆ. ಅವರು ಬಲಕ್ಕೆ ಹೋಗ್ತಾರೆ ಅಂತ ನಾನು ಎಡಗಡೆಯಿಂದ ಮುಂದೆ ಬಂದೆ. ಅವರು ತಿರುಗ್ಲಿಲ್ಲ. ಕೆಳಗೆ ಬಿದ್ದಾಗ ಹೋಗಿ ಎಬ್ಬಿಸಿದೆ. ಆಗ್ಲೂ ಆ ಕೈ ಅದೇ ಥರ ಆಡ್ತಿತ್ತು. ನಮ್ಮ ಅಪ್ಪನ ಕೈ ನೋಡಿದೀನಿ ಸಾರ್ ನಾನು, ಗೊತ್ತಾಗತ್ತೆ. ಆಮೇಲೆ ಮನೆಗೆ ಹೋದಾಗ ಗೊತ್ತಾಯ್ತು, ಅವರು ಹಲ್ಲು ಕಟ್ಟೋದಂತೆ, ಅದೇ ಕೈಯಲ್ಲಿ. ನಿಮಗೆ ಬರೆದುಕೊಟ್ರೆ ಇದೆಲ್ಲ ಬರೀಬೇಕಲ್ಲ. ತಪ್ಪು ಅವರ ತಲೆಗೆ ಬರತ್ತೆ. ಆ ಮನೆಯೋರಿಗೆ ಗೊತ್ತಿದ್ದಂಗೂ ಕಾಣ್ಲಿಲ್ಲ. ಅದಕ್ಕೇ ನಮ್ಮ ನಮ್ಮಲ್ಲೇ ಮುಗಿಸೋಣ ಅಂತ..."

ಟೇಪು ಅಧಿಕಾರಿಯ ದನಿಯನ್ನು ಹುಡುಕಿದ. ಸಿಗಲಿಲ್ಲ. ತನ್ನದೇ ದನಿಯಲ್ಲಿ, "ಆಯ್ತು, ತಿಳಿಸ್ತೀವಿ," ಎಂದು ಫೋನು ಕತ್ತರಿಸಿದ.

"ಎಲ್ಲಾ ಕತೆ ಅಕ್ಕ," ಎಂದ ತಕ್ಷಣ. "ನಾನೇ ಅಂತ ಗೊತ್ತಾಗಿಬಿಟ್ಟಿದೆ ಅವನಿಗೆ. ಅದಕ್ಕೇ ಭಾವನ ಮೇಲೆ ಎತ್ತಿಹಾಕಿ ಆಟ ಆಡ್ತಿದಾನೆ. ಎಂಥ ಕಿಲಾಡಿ ನೋಡು."

ಅಕ್ಕ ಅವನ ಕಡೆ ತಿರುಗಲಿಲ್ಲ. ಗಂಡನ ಬಾಯಿಯ ಮೇಲಿದ್ದ ಕೈಯನ್ನು ಅವಳು ತೆಗೆದದ್ದು ಆಗಲೇ.

"ಯಾವಾಗಿಂದ?"

"ಏನು ಯಾವಾಗಿಂದ?"

"ರೀ."

ಅವನು ಟವೆಲನ್ನು ಮಡಿಚಿದ, ಬಿಡಿಸಿದ, ಮತ್ತೆ ಮಡಿಚಿದ. "ಚಳಿಗಾಲದಿಂದ."

"ಗಡ್ಡಕ್ಕೆ ಅಂಗಡಿಗೆ ಹೋಗೋಕೆ ಶುರು ಮಾಡಿದಾಗ್ಲೇ ನನಗೆ ಅನುಮಾನ ಬಂತು." ಅವಳು ಕುರ್ಚಿ ಎಳೆದು ಕೂತಳು. "ಆದ್ರೆ ನಾನು ಬೇರೆ ಏನೋ ಅಂದ್ಕೊಂಡೆ."

"ಏನಂದ್ಕೊಂಡೆ?"

"ಬಿಡಿ."

ಟೇಪು ನಗಬೇಕೋ ಬೇಡವೋ ತಿಳಿಯದೆ ಚಪ್ಪಲಿ ಹುಡುಕಿಕೊಂಡು ಹೊರಟುಹೋದ. ಅವನು ಹೋದ ಮೇಲೆ ಅವಳು, "ನನಗೆ ಹೇಳೋದು ಬಿಟ್ಟು ಅವನಿಗೆ ಗೊತ್ತಾಗೋ ಹಾಗೆ ಮಾಡಿದ್ರಲ್ಲ, ದಾಳಿಂಬೆಯವನಿಗೆ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಮುಚ್ಚಿಟ್ರೆ ಕೈ ನಿಲ್ಲತ್ತಾ?" ಎಂದಳು. ಅವನು ಇಲ್ಲವೆಂದು ತಲೆಯಾಡಿಸಿದ.

ಬೆಳಿಗ್ಗೆ ಅವನೇ ಕಾರಿನವನಿಗೆ ಫೋನು ಮಾಡಿ, ತಾನೇ ಇನ್ಶೂರೆನ್ಸಿಗೆ ತಿಳಿಸುತ್ತಿದ್ದೇನೆ ಎಂದ. ನಿನ್ನೆಯ ಕರೆಯ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

"ಯೋಚನೆ ಮಾಡಿದೀರಾ ಸಾರ್?" ಎಂದ ಕಾರಿನವನು. "ಹಾಗಾದ್ರೆ ನಾನೂ ನೋಡಿದ್ದನ್ನ ಬರೀಬೇಕಾಗತ್ತೆ."

ಅದು ಎಚ್ಚರಿಕೆಯೋ ಬೆದರಿಕೆಯೋ ಫೋನಿನಲ್ಲಿ ತಿಳಿಯುವಂತಿರಲಿಲ್ಲ. "ಬರೀರಿ," ಎಂದ ಹಲ್ಲು ಕಟ್ಟುವವನು.

ವಿಮಾ ಕಚೇರಿಯಲ್ಲಿ ಕಿಟಕಿಯ ಹಿಂದಿದ್ದ ಗುಮಾಸ್ತನ ದನಿ ಟೇಪಿನ ಅಧಿಕಾರಿಯಷ್ಟು ಚೆನ್ನಾಗಿರಲಿಲ್ಲ. ಯಾವುದೋ ಸಾಧಾರಣ, ನೆಗಡಿಯಾದ ದನಿ. ಅವನು ನಾಲ್ಕು ಪುಟದ ಫಾರಂ ಕೊಟ್ಟ. ಮೂರನೆಯ ಪುಟದಲ್ಲಿ, 'ಈ ತೊಂದರೆ ಅಪಘಾತಕ್ಕಿಂತ ಮೊದಲು ಇತ್ತೇ?' ಎಂದು ಕೇಳಿತ್ತು. ಹೆಂಡತಿ, "ನಾನು ಬರೀಲಾ?" ಎಂದಳು. ಅವನು ಎಡಗೈಯಿಂದ ಬಲಗೈಯನ್ನು ಒತ್ತಿಹಿಡಿದು, 'ಇತ್ತು' ಎಂದು ತಾನೇ ಬರೆದ. ಕೆಳಗೆ ಇನ್ನೊಂದು ಸಾಲು: ಕೈ ಹಿಡಿತ ತಪ್ಪಿತು, ಹ್ಯಾಂಡಲ್ ಬಿಟ್ಟು ಕೊಡವುತ್ತಿದ್ದೆ.

ಗುಮಾಸ್ತ ಅದನ್ನು ಎರಡು ಸಲ ಓದಿದ. ಕನ್ನಡಕ ಹಣೆಗೇರಿಸಿ ಮೂರನೆಯ ಸಲವೂ ಓದಿದ.

"ಇದನ್ನ ನೀವೇ ಬರೆದ್ರಾ?"

"ಹೌದು."

"ಹದಿನಾರು ವರ್ಷದಿಂದ ಇಲ್ಲಿ ಕೂತಿದೀನಿ. ಮೊದಲೇ ಇತ್ತು ಅಂತ ಬರೆದವರನ್ನ ನೋಡಿಲ್ಲ. ಯಾರು ಹೇಳಿಕೊಟ್ರು?"

"ಯಾರೂ ಇಲ್ಲ."

"ಯಾರೋ ಹೇಳಿಕೊಟ್ಟಿದಾರೆ," ಎಂದು ಗುಮಾಸ್ತ ಹೆಂಡತಿಯ ಕಡೆ ನೋಡಿದ. "ಇದರಲ್ಲಿ ಏನೋ ಇದೆ."

"ಏನೂ ಇಲ್ಲ ಸಾರ್," ಎಂದಳು ಅವಳು. "ಇರೋದೇ ಇದೆ."

ಫಾರಮ್ಮಿನ ಮೂಲೆಯಲ್ಲಿ ಕೆಂಪು ಪೆನ್ನಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಬರೆದು, ಗುಮಾಸ್ತ ಅವರನ್ನು ನರದ ಡಾಕ್ಟರ ಬಳಿ ಕಳಿಸಿದ.

ಡಾಕ್ಟರ ಕೋಣೆ ಎರಡನೆಯ ಮಹಡಿಯಲ್ಲಿತ್ತು. ಅವರು ಬ್ಯಾಂಡೇಜನ್ನು ಸುರುಳಿ ಸುರುಳಿಯಾಗಿ ಬಿಚ್ಚಿದರು. ಹದಿಮೂರು ದಿನ ಬೆಳಕು ಕಾಣದ ಕೈ ಬೆಳ್ಳಗಾಗಿತ್ತು. ಮೊಣಕೈ ಮಡಿಸಿ ನೋಡಿದರು, ಮೂಗು ಮುಟ್ಟಿಸಿದರು, ಬೆರಳಿಗೆ ಬೆರಳು ತಟ್ಟಿಸಿದರು. ಹೂಂ, ಹೂಂ ಎಂದು ಬರೆದುಕೊಳ್ಳುತ್ತ ಹೋದರು. ಆ ಒಂದೊಂದು ಹೂಂ ಒಳ್ಳೆಯದೋ ಕೆಟ್ಟದೋ ಎಂದು ಗಂಡ ಹೆಂಡತಿ ಇಬ್ಬರೂ ಅವರ ಮುಖದಲ್ಲಿ ಹುಡುಕುತ್ತಿದ್ದರು.

"ಎರಡೂ ಕೈ ಮುಂದೆ ಚಾಚಿ. ಅಂಗೈ ಕೆಳಗೆ. ಬೆರಳು ಅಗಲಿಸಿ."

ಅವನು ಚಾಚಿದ. ಡಾಕ್ಟರು ಔಷಧಿ ಚೀಟಿಯ ಪುಸ್ತಕದಿಂದ ಬಿಳಿ ಹಾಳೆಯೊಂದನ್ನು ಕಿತ್ತು ಅವನ ಬಲಗೈ ಬೆರಳುಗಳ ಮೇಲೆ ಹಗುರಾಗಿ ಇಟ್ಟು ಹಿಂದಕ್ಕೆ ಒರಗಿದರು. ಹಾಳೆಯ ಅಂಚು ಸಣ್ಣಗೆ ಪಟಪಟ ಅನ್ನತೊಡಗಿತು.

"ಫ್ಯಾನಿನ ಗಾಳಿ ಡಾಕ್ಟ್ರೇ," ಎಂದಳು ಹೆಂಡತಿ.

ಅವಳು ಎದ್ದು ಬಾಗಿಲ ಪಕ್ಕದ ಸ್ವಿಚ್ಚುಗಳ ಹಲಗೆಯ ಹತ್ತಿರ ಹೋದಳು. ಮೊದಲು ಒತ್ತಿದ್ದು ದೀಪದ್ದು, ಆರಿತು, ಮತ್ತೆ ಹಾಕಿದಳು. ಎರಡನೆಯದು ಫ್ಯಾನಿನದು. ತಲೆಯ ಮೇಲಿನ ಸದ್ದು ಇಳಿಯತೊಡಗಿತು. ಬರಿಯ ಬೂದು ವೃತ್ತವಾಗಿದ್ದದ್ದು ನಿಧಾನವಾಗಿ ರೆಕ್ಕೆಗಳಾಗಿ ಒಡೆಯಿತು, ಒಂದು, ಎರಡು, ಮೂರು, ಎಣಿಸಲು ಸಿಗುವಷ್ಟು. ಕೊನೆಯ ಸುತ್ತು ಅರ್ಧಕ್ಕೇ ನಿಂತಿತು. ಸ್ವಿಚ್ಚಿನ ಮೇಲಿಂದ ಬೆರಳು ತೆಗೆಯದೆ ಅವಳು ತಿರುಗಿ ಹಾಳೆಯ ಕಡೆ ನೋಡಿದಳು.