ಹದಿನೆಂಟನೆಯ ದಿನದ ಸ್ಲೈಡು

ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಣ್ಣು ಹಚ್ಚಿ ಕೂತು ನನಗೆ ಇಪ್ಪತ್ತೆರಡು ವರ್ಷವಾಯಿತು. ಸ್ವಂತದವರ ಸ್ಲೈಡನ್ನು ನೋಡಬಾರದೆಂಬ ನಿಯಮವನ್ನು ಹೊಸಬರಿಗೆ ಗದರಿ ಗದರಿ ಕಲಿಸಿದವಳು ನಾನು. ಅದನ್ನು ಮುರಿದವಳೂ ನಾನೇ. ಏನು ಮಾಡಲಿ, ನಾಲ್ಕನೇ ಮಹಡಿಯ ಗಾಜಿನ ಕೋಣೆಯಲ್ಲಿ ಮಲಗಿದ್ದವನು ನನ್ನ ಒಬ್ಬನೇ ತಮ್ಮ.

ಅವನ ಮೂಳೆಮಜ್ಜೆ ರಕ್ತ ತಯಾರಿಸುವುದನ್ನೇ ನಿಲ್ಲಿಸಿಬಿಟ್ಟಿತ್ತು. ನನ್ನ ಕಾಂಡಕೋಶಗಳನ್ನು ತೆಗೆದು ಅವನಿಗೆ ಕೊಟ್ಟಿದ್ದರು. ಅವು ಅಲ್ಲಿ ಬೇರೂರಿ ಬಿಳಿ ರಕ್ತಕಣಗಳನ್ನು ಹುಟ್ಟಿಸಲೆಂದು ದಿನಾ ಒಂದು ಚುಚ್ಚುಮದ್ದು. ತಮ್ಮ ಎಲೆಕ್ಟ್ರಿಶಿಯನ್, ಹಾಗಾಗಿ ಅವನ ಭಾಷೆಯಲ್ಲೇ ಹೇಳಿದೆ.

"ಈ ಮದ್ದು ಕಾಲಿಂಗ್ ಬೆಲ್ ಒತ್ತಿದ ಹಾಗೆ ಕಣೋ. ಸ್ವಿಚ್ಚು ಕೋಶದ ಹೊರಮೈಮೇಲಿರುತ್ತೆ. ಒತ್ತಿದ್ರೆ ಸುದ್ದಿ ಒಂದು ಪ್ರೋಟೀನಿಂದ ಇನ್ನೊಂದಕ್ಕೆ ದಾಟ್ತಾ ದಾಟ್ತಾ ಕೋಶದ ನಡುಮಧ್ಯದ ತನಕ ಹೋಗುತ್ತೆ. ಆಮೇಲೆ ಕೋಶ ಎದ್ದು ಕೆಲಸ ಶುರು ಮಾಡುತ್ತೆ."

"ಹಾಗಾದ್ರೆ ನನ್ನ ಕಥೆ ಮುಗೀತು ಬಿಡಕ್ಕ," ಅಂದ. "ನಿನ್ನ ಕೋಶಗಳು ತಾನೇ? ಬೆಲ್ ಹೊಡೆದ ತಕ್ಷಣ ನೀನು ಯಾವತ್ತು ಎದ್ದಿದ್ದೀಯ?"

ಕೋಶ ಕೊಟ್ಟ ಮೇಲೆ ಹದಿನೇಳು ದಿನ ಒಂದು ಬಿಳಿ ಕಣವೂ ಕಾಣಲಿಲ್ಲ. ಹದಿನೆಂಟನೆಯ ದಿನವೂ ಕಾಣದಿದ್ದರೆ ನನ್ನಿಂದ ಮತ್ತೆ ಕೋಶ ತೆಗೆಯಬೇಕು, ಅಲ್ಲಿಯ ತನಕ ಅವನು ಸೋಂಕು ತಡೆದುಕೊಳ್ಳುವ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದರು. ಅಷ್ಟು ಕಡಿಮೆ ಕಣಗಳನ್ನು ಎಣಿಸಲು ಯಂತ್ರವನ್ನು ನಂಬುವಂತಿಲ್ಲ, ಸ್ಲೈಡನ್ನು ಕಣ್ಣಲ್ಲೇ ನೋಡಬೇಕು. ಅವನ ಸ್ಲೈಡು ನೋಡಬೇಕಾದವರು ನಮ್ಮ ಹಿರಿಯ ಸಹೋದ್ಯೋಗಿ. ಒಂದು ಕಣ ಹೆಚ್ಚುಕಡಿಮೆಯಾದರೂ ಸಹಿಸದ ಅವರನ್ನು ನಾವೆಲ್ಲ 'ತಕ್ಕಡಿ' ಅನ್ನುತ್ತೇವೆ. ತಕ್ಕಡಿ ಊಟಕ್ಕೆ ಹೋಗಿದ್ದರು. ಸ್ಲೈಡಿನ ಮೇಲೆ ಹೆಸರಿರಲಿಲ್ಲ, ಬರೀ ಸಂಖ್ಯೆ. ಆ ಸಂಖ್ಯೆ ನನಗೆ ಬಾಯಿಪಾಠ. ಕೈ ತಡೆಯಲಿಲ್ಲ.

ಅಕ್ಕನ ಕಣ್ಣು ಇಲ್ಲದ್ದನ್ನೂ ಕಂಡುಬಿಟ್ಟೀತೆಂದು ಹೆದರಿ ಮನಸ್ಸನ್ನು ಕಲ್ಲು ಮಾಡಿಕೊಂಡೆ. ಸ್ಲೈಡಿನ ಅಂಚಿನಲ್ಲಿ ಕಪ್ಪು ಕಾಳು ತುಂಬಿಕೊಂಡ ಏನೋ ಒಂದು ಸಿಕ್ಕಿತು. ಕಣ ಎದ್ದು ಕಾಣಲೆಂದು ಸ್ಲೈಡಿಗೆ ಹಾಕುವ ಬಣ್ಣದ ಚರಟ ಎಂದು ಬಿಟ್ಟೆ. ಅಂಥವೇ ಇನ್ನೂ ಕೆಲವು, ಅವನ್ನೂ ಬಿಟ್ಟೆ. ಇಡೀ ಸ್ಲೈಡನ್ನು ಎರಡು ಸಲ ಜಾಲಾಡಿ ಪುಸ್ತಕದಲ್ಲಿ ಸೊನ್ನೆ ಬರೆದೆ.

ಸೊನ್ನೆ ಬರೆದರೆ ಇನ್ನೊಬ್ಬರೂ ನೋಡಿ ಸಹಿ ಹಾಕಬೇಕೆಂಬುದು ನಮ್ಮಲ್ಲಿನ ಪದ್ಧತಿ. ತಕ್ಕಡಿ ಬಂದು ಪುಸ್ತಕ ನೋಡಿ ಕೆಂಡವಾದರು.

"ಇದನ್ನ ನೀನ್ಯಾಕಮ್ಮ ಮುಟ್ಟಿದೆ? ಬುದ್ಧಿ ಎಲ್ಲಿಟ್ಟಿದ್ದೆ?"

ಉತ್ತರಕ್ಕೆ ಕಾಯದೆ ಸೂಕ್ಷ್ಮದರ್ಶಕದ ಮುಂದೆ ಕೂತರು. ಅರ್ಧ ಗಂಟೆ ಸ್ಲೈಡನ್ನು ಇಂಚಿಂಚಾಗಿ ಸರಿಸಿ ನೋಡಿದರು. ನಾನು ಸಿಂಕಿನ ಪಕ್ಕ ನಿಂತು ತೊಳೆದ ಗಾಜುಗಳನ್ನೇ ಮತ್ತೆ ತೊಳೆದೆ.

"ಇಲ್ಲಿ ಬಾ. ಇದೇನು ಹೇಳು."

"ಬಣ್ಣದ ಚರಟ, ಸರ್."

"ಬೇರೆ ಯಾರದ್ದೋ ಸ್ಲೈಡು ಅಂದ್ಕೊಂಡು ಹೇಳು."

ಮತ್ತೆ ಬಗ್ಗಿದೆ. ಕಾಳುಗಳ ನಡುವೆ ಬಾಗಿದ ಕೋಶಕೇಂದ್ರ ಸ್ಪಷ್ಟವಾಗಿ ಕೂತಿತ್ತು. ಈಗಷ್ಟೇ ಹುಟ್ಟಿದ ಎಳೆಯ ಬಿಳಿ ಕಣ.

"ಆ ಮದ್ದಿಗೆ ಓಗೊಟ್ಟು ಹುಟ್ಟಿದ ಕಣದ ಒಳಗಿನ ಕಾಳು ಕಪ್ಪಗಿರುತ್ತೆ ಅಂತ ಹೊಸಬರಿಗೆಲ್ಲ ಪಾಠ ಹೇಳೋಳು ನೀನೇ ಅಲ್ವಾ?" ತಕ್ಕಡಿಯ ದನಿ ಮೆತ್ತಗಾಗಿತ್ತು. "ಒಟ್ಟು ಒಂಬತ್ತಿವೆ. ಒಂಬತ್ತನ್ನೂ ಎಸೆದುಬಿಟ್ಟಿದ್ದೀಯಲ್ಲ ತಾಯಿ!"

ಸೊನ್ನೆಗೆ ಅಡ್ಡಗೆರೆ ಎಳೆದು ಒಂಬತ್ತು ಬರೆದು ಸಹಿ ಹಾಕಿದರು. ಮೇಲಿನ ವಾರ್ಡಿಗೆ ಅವರೇ ಫೋನು ಮಾಡಿದರು. ಲಿಫ್ಟಿಗೆ ಕಾಯುವಷ್ಟು ತಾಳ್ಮೆ ನನಗಿರಲಿಲ್ಲ, ಮೆಟ್ಟಿಲು ಹತ್ತಿದೆ.

ಗಾಜಿನಾಚೆ ತಮ್ಮ ದಿಂಬಿಗೊರಗಿ ಕೂತಿದ್ದ. ಗೋಡೆಯ ಫೋನೆತ್ತಿದೆ.

"ಒಂಬತ್ತು ಕಣ ಬಂದಿವೆ ಕಣೋ!"

"ನೀನೇ ಎಣಿಸಿದ್ಯಾ?"

"ಇಲ್ಲ ಮಾರಾಯ. ನಾನು ಎಣಿಸಿದಾಗ ಒಂದೂ ಇರಲಿಲ್ಲ. ಎದುರಿಗಿದ್ದದ್ದನ್ನೂ ಅಲ್ಲ ಅಂದ್ಬಿಟ್ಟೆ."

ಗೇಲಿ ಮಾಡುತ್ತಾನೆಂದುಕೊಂಡೆ. ಅವನು ನನ್ನನ್ನೇ ನೋಡಿದ.

"ಅಷ್ಟು ಹೆದರಿದ್ಯಾ ಅಕ್ಕ?"

ಹದಿನೆಂಟು ದಿನ ಅವನೆದುರು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. "ಹೂಂ ಕಣೋ," ಅಂದೆ, ಅಲ್ಲೇ ಗಾಜಿಗೆ ಹಣೆಯೊತ್ತಿ ಗಳಗಳನೆ ಅತ್ತುಬಿಟ್ಟೆ.