ಗುರುವಾರದ ಬುಟ್ಟಿ

“ಆ ಕಡೆಯಿಂದ ಎತ್ತಿ, ಬಾಗಿಲಿಗೆ ತಾಗ್ತಿದೆ,” ಎಂದು ಬಡಗಿ ನಿಸ್ಸಿಮ್ ಹೇಳಿದಾಗ ಪೆರ್ಲಾ ಮೇಜಿನ ಇನ್ನೊಂದು ತುದಿಗೆ ಕೈಹಚ್ಚಿದಳು. ಅವನು ಅವಳನ್ನು ಕರೆದಿರಲಿಲ್ಲ. ಆ ಸಾವಿನ ಮನೆಯಲ್ಲಿ ಬೆಳಗಿನಿಂದ ಅವಳಿಗೆ ಯಾರೂ ಕೂರಲು ಜಾಗ ಬಿಟ್ಟಿರಲಿಲ್ಲ. ಸುಮ್ಮನೆ ನಿಂತಿರುವುದಕ್ಕಿಂತ ಏನಾದರೊಂದು ಕೆಲಸಕ್ಕೆ ಕೈಹಾಕುವುದೇ ವಾಸಿ ಎನಿಸಿತ್ತು.

ಒಳಕೋಣೆಯಲ್ಲಿ ಮಖ್ಲೂಫ್ ದಾಹಾನ್ ಬಿಳಿಬಟ್ಟೆಯೊಳಗೆ ಮಲಗಿದ್ದರು. ಮೆಕ್ನೆಸ್ ಪಟ್ಟಣದ ಯಹೂದಿ ಕೇರಿಯ ಧರ್ಮನಿಧಿಯನ್ನು ಅರ್ಧ ಆಯುಷ್ಯ ನೋಡಿಕೊಂಡವರು, ಕೊನೆಯ ಎರಡು ವರ್ಷ ಅದರ ಬೀಗದ ಕೈ ಇಲ್ಲದೆ ಬದುಕಿದವರು. ಬಡವರ ಹೊಟ್ಟೆಗೆ ಹಾಕಿದವನು ತೀರಿಕೊಂಡರೆ, ಅವನು ಬಡಿಸಿದ ಮೇಜನ್ನೇ ಬಿಚ್ಚಿ ಶವದ ಪೆಟ್ಟಿಗೆ ಮಾಡುವುದು ಆ ಕೇರಿಯ ರೂಢಿ.

“ಇನ್ನೊಂದ್ಸಲ ಕೇಳ್ತೀನಿ, ಹನೀನಾಕ್ಕ,” ಎಂದು ನಿಸ್ಸಿಮ್ ಸತ್ತವರ ತಂಗಿಯ ಕಡೆ ತಿರುಗಿದ. “ಮೇಜು ಕೊಯ್ಲೋ ಬೇಡ್ವೋ? ಲೆಕ್ಕ ಸರಿ ಇಲ್ಲ ಅಂತ ಪ್ಯಾರಿಸ್‌ವರೆಗೂ ಬರೆದಾಗಿದೆ. ಬರೆದೋರೂ ಇಲ್ಲೇ ಇದ್ದಾರೆ. ಈ ಮರ್ಯಾದೆ ಸಲ್ಲುತ್ತಾ ಅಂತ ಅವರನ್ನೇ ಕೇಳೋಣ್ವಾ?”

“ನೀನು ಗರಗಸ ಆಡಿಸು, ನಾಲಿಗೆ ಆಮೇಲೆ ಆಡಿಸುವಿಯಂತೆ,” ಎಂದಳು ಹನೀನಾ.

ಮೇಜು ಹೊರಬಂದಿತು. ನೆಲದವರೆಗೆ ಇಳಿಬಿದ್ದಿದ್ದ ಹಳೆಯ ಮೇಲುಹಾಸು ಹೋದದ್ದೇ, ಅದರಡಿಯಲ್ಲಿ ಮೊಣಕಾಲೆತ್ತರದ ಕಲ್ಲಿನ ರಾಶಿ ಕಾಣಿಸಿತು. ಹೊಳೆಯ ಗುಂಡುಕಲ್ಲು, ಗೋಡೆಯಿಂದ ಕಳಚಿದ ಕಲ್ಲು, ಮೆಟ್ಟಿಲಿನ ಮೂಲೆ.

“ನೋಡಿ, ಮುದುಕ ಕಲ್ಲನ್ನೂ ಕೂಡಿಟ್ಟಿದ್ದಾನೆ,” ಎಂದ ನಿಸ್ಸಿಮ್. ಅಂಗಳದಲ್ಲಿ ಕೆಲವರು ನಕ್ಕರು. ನಗದವರೂ ಇದ್ದರು. ಚಪ್ಪಲಿ ಹೊಲಿಯುವ ಅಣ್ಣತಮ್ಮಂದಿರು ತಲೆ ತಗ್ಗಿಸಿದರು. ಮೂಲೆಯ ಮನೆಯ ವಿಧವೆ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಪೆರ್ಲಾಳ ತಾಯಿ ಫ್ರೆಹಾ ಯಾರೂ ಕರೆಯದೆಯೇ ಎದ್ದು ಅಡುಗೆಮನೆಗೆ ಹೋದಳು.

ರಾಶಿಯ ನಡುವೆ ಬಿಳಿಯ ಅಮೃತಶಿಲೆಯ ಒಂದು ಹೋಳಿತ್ತು. ಕುಟ್ಟುವ ಪುಟ್ಟ ಒರಳಿನ ಅರ್ಧಭಾಗ, ಅಂಚಿನಲ್ಲಿ ನರದಂಥ ಹಸಿರು ಗೆರೆ. ಚಿಕ್ಕಂದಿನಲ್ಲಿ ಅದನ್ನು ಕೈಜಾರಿ ಬೀಳಿಸಿದವಳು ಪೆರ್ಲಾ. ಅದಕ್ಕೆ ತಿಂದ ಏಟಿನ ಉರಿಯೂ ಅವಳಿಗೆ ನೆನಪಿತ್ತು.

*

ಎರಡು ವರ್ಷದ ಹಿಂದೆ ಅವಳು ಇದೇ ಮೇಜಿನ ಮುಂದೆ ಕುಳಿತಿದ್ದಳು. ಕಾಸಾಬ್ಲಾಂಕಾದ ಬ್ಯಾಂಕಿನಲ್ಲಿ ಲೆಕ್ಕ ತಪಾಸಣೆ ಅವಳ ಕೆಲಸ. ಹುಟ್ಟೂರಿನ ಧರ್ಮನಿಧಿ ಎಷ್ಟು ಪಾರದರ್ಶಕವಾಗಿದೆ ಎಂದು ನೋಡಿ ಅಂಕ ಕೊಡುವಂತೆ ಪ್ಯಾರಿಸ್ಸಿನ ದಾನಿಗಳ ಸಮಿತಿ ಅವಳನ್ನೇ ಕೇಳಿತ್ತು.

“ಗುರುವಾರ ಪ್ರತಿ ಬಾಗಿಲಿಗೂ ಬುಟ್ಟಿ ಹೋಗುತ್ತೆ,” ಎಂದು ದಾಹಾನ್ ವಿವರಿಸಿದ್ದರು. “ಹಿಟ್ಟು, ಎಣ್ಣೆ, ಕಡಲೆ, ಒಂದು ತುಂಡು ಮಾಂಸ. ಬೇಕಾದೋರು ತಗೋತಾರೆ. ಬೇಡದೋರು ತಮ್ಮದೂ ಒಂದಿಷ್ಟು ಸೇರಿಸಿ ಶುಕ್ರವಾರ ವಾಪಸ್ ಕಳಿಸ್ತಾರೆ.”

“ಯಾರು ತಗೊಂಡ್ರು, ಯಾರು ಸೇರಿಸಿದ್ರು?”

“ಅದು ನಂಗೊತ್ತು.”

“ಬರೆದಿಟ್ಟಿದ್ದೀರಾ?”

“ಇಲ್ಲ.”

“ಹಿಟ್ಟು ಕೊಂಡದ್ದಕ್ಕೆ ರಸೀದಿ ಇದೆ, ಉಂಡಿದ್ದಕ್ಕೆ ಇಲ್ಲ.”

“ಉಂಡೋರ ಹತ್ರ ರಸೀದಿ ಕೇಳೋದಾ, ಮಗಳೇ?”

“ಇದ್ದೋರ ಮನೆಗೂ ಬುಟ್ಟಿ ಯಾಕೆ ಹೋಗ್ಬೇಕು? ನಮ್ಮನೇನೇ ತಗೊಳ್ಳಿ. ನಮ್ಮಮ್ಮ ತುಂಬಿ ಕಳಿಸ್ತಿದ್ರು. ನಾನೇ ಹೊತ್ತು ತರ್ತಿದ್ದೆ, ನಿಮಗೆ ನೆನಪಿಲ್ವಾ?”

ದಾಹಾನ್ ಕನ್ನಡಕ ತೆಗೆದು ನಿಧಾನವಾಗಿ ಒರೆಸಿಕೊಂಡರು. “ನೆನಪಿದೆ. ಎತ್ತಲಾರದಷ್ಟು ಭಾರ ಇರ್ತಿತ್ತು.”

ಆಗ ಮೇಲುಹಾಸಿನ ಹಿಂದೆ ಗಟ್ಟಿಯಾದದ್ದೇನೋ ಅವಳ ಕಾಲಿಗೆ ತಾಗಿತ್ತು. ಅವಳು ಕಾಲನ್ನು ಹಿಂದಕ್ಕೆಳೆದುಕೊಂಡು ಬರವಣಿಗೆ ಮುಂದುವರಿಸಿದ್ದಳು. ಅಗತ್ಯವೇ ಇಲ್ಲದ ಮನೆಗಳಿಗೂ ನಿಧಿ ಪೋಲಾಗುತ್ತಿದೆ ಎಂಬುದಕ್ಕೆ ಉದಾಹರಣೆಯಾಗಿ ತನ್ನ ತಾಯಿಯ ಮನೆಯನ್ನೇ ಕೊಟ್ಟಳು. ಪಾರದರ್ಶಕತೆಗೆ ಸೊನ್ನೆ ಹಾಕಿದಳು. ವರದಿಯನ್ನು ಪ್ರಾರ್ಥನಾಮಂದಿರದಲ್ಲಿ ಎಲ್ಲರೆದುರು ಓದಲಾಯಿತು. ಪ್ಯಾರಿಸ್ಸಿನ ಹಣ ನಿಂತಿತು, ಬುಟ್ಟಿಗಳೂ ನಿಂತವು.

*

ಅಡುಗೆಮನೆಯಲ್ಲಿ ಫ್ರೆಹಾ ದುಃಖದ ಮನೆಯವರಿಗೆಂದು ಬೇಯಿಸಿದ್ದ ಮೊಟ್ಟೆಗಳನ್ನು ಸುಲಿಯುತ್ತಿದ್ದಳು.

“ಅಮ್ಮಾ, ನಮ್ಮ ಒರಳಿನ ಹೋಳು ಅಲ್ಲಿಗೆ ಹೇಗೆ ಬಂತು?”

“ಯಾವ ಒರಳು?”

“ನಾನು ಒಡೆದದ್ದು.”

ಫ್ರೆಹಾ ಸುಲಿದ ಮೊಟ್ಟೆಯನ್ನು ಮತ್ತೆ ಮತ್ತೆ ತೊಳೆದಳು. “ನೀನೇ ಹೊತ್ಕೊಂಡು ಹೋಗಿ ಕೊಟ್ಟು ಬಂದೆ. ಇನ್ನು ಹೇಗೆ ಬರುತ್ತೆ.”

ಹೊರಗೆ ಗರಗಸದ ಸದ್ದು ನಿಂತು ಮತ್ತೆ ಶುರುವಾಯಿತು.

“ಖಾಲಿ ಮಾಡಿದೋರು ಕಲ್ಲು ಹಾಕಿ ಬಟ್ಟೆ ಮುಚ್ಚಿ ಕಳಿಸ್ಬೇಕು ಅಂತ ದಾಹಾನರೇ ಬಂದು ಹೇಳಿದ್ರು,” ಎಂದಳು ತಾಯಿ, ತಲೆಯೆತ್ತದೆ. “ಹೊತ್ತೋರಿಗೂ ಗೊತ್ತಾಗ್ಬಾರ್ದು, ಬೀದೀಲಿ ನೋಡಿದೋರಿಗೂ ಗೊತ್ತಾಗ್ಬಾರ್ದು ಅಂತ. ನಿಮ್ಮಪ್ಪನ ಜರಿ ಕೆಲಸ ನಿಂತಾಗಿನಿಂದ, ನಿನಗೆ ಬ್ಯಾಂಕಲ್ಲಿ ಕೆಲಸ ಸಿಗೋವರೆಗೂ ನಾವು ಕಳಿಸಿದ್ದು ಕಲ್ಲೇ.”

“ವರದಿ ಓದಿದಾಗ ನೀನು ಅಲ್ಲೇ ಇದ್ದೆ.”

“ಇದ್ದೆ. ನಮ್ಮನೆ ಹೆಸರು ಬಂದಾಗ ಎಲ್ಲರೂ ತಿರುಗಿ ನೋಡಿದ್ರು. ಗೌರವದಿಂದ ನೋಡಿದ್ರು ಕಣೇ. ಅದನ್ನ ಬಿಟ್ಟುಕೊಡೋಕೆ ಮನಸ್ಸು ಬರ್ಲಿಲ್ಲ.” ಅವಳ ಬೆರಳು ನಿಂತವು. “ದಾಹಾನ್ ಮಾತ್ರ ನನ್ನ ಕಡೆ ನೋಡ್ಲಿಲ್ಲ. ಅಷ್ಟು ಹೊತ್ತೂ ಬಾಗಿಲ ಕಡೆ ಮುಖ ಮಾಡ್ಕೊಂಡು ಕೂತಿದ್ರು.”

ಆ ಶುಕ್ರವಾರಗಳು ಪೆರ್ಲಾಳಿಗೆ ಚೆನ್ನಾಗಿ ನೆನಪಿದ್ದವು. ಬುಟ್ಟಿಯ ಹಿಡಿ ತೋಳಿಗೆ ಕೊರೆಯುತ್ತಿದ್ದರೂ ಅವಳು ಬೀದಿಯ ನಡುವೆಯೇ ಎದೆಯುಬ್ಬಿಸಿ ನಡೆಯುತ್ತಿದ್ದಳು. ಬಾಗಿಲಲ್ಲಿ ದಾಹಾನ್ ಬಾಗಿ, “ಏನಮ್ಮಾ ಇಷ್ಟು ಭಾರ?” ಎಂದು ಕೇಳುತ್ತಿದ್ದರು. “ತುಂಬಿದೆ,” ಎನ್ನುತ್ತಿದ್ದಳು ಅವಳು. ಅವರು ಎರಡೂ ಕೈ ಚಾಚಿ, ಒಳಗೆ ಒಡೆಯುವ ವಸ್ತು ಇದೆಯೇನೋ ಎಂಬಂತೆ ಇಸಿದುಕೊಳ್ಳುತ್ತಿದ್ದರು.

*

ಪೆಟ್ಟಿಗೆ ಸಿದ್ಧವಾಯಿತು. ಅದರ ಮುಚ್ಚಳದ ಮೇಲೆ ಬುಟ್ಟಿಗಳ ತಳ ಒತ್ತಿ ಮೂಡಿಸಿದ್ದ ದುಂಡನೆಯ ಕಲೆಗಳು ಹಾಗೇ ಉಳಿದಿದ್ದವು. ಹೊರಡುವ ಮುನ್ನ ಧರ್ಮಗುರು ರಬ್ಬಿ ವಾಡಿಕೆಯ ಮಾತಾಡಿದರು: “ಈ ಮನುಷ್ಯನಿಗೆ ಯಾರಾದ್ರೂ ತಪ್ಪು ಮಾಡಿದ್ರೆ ಈಗಲೇ ಕ್ಷಮೆ ಕೇಳ್ಕೊಳ್ಳಿ. ಏನು ತಪ್ಪು ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ.”

ಪೆರ್ಲಾ ಮುಂದೆ ಬಂದಳು. ಒಂದೇ ಮಾತಿನಲ್ಲಿ ಸತ್ತವರ ಹೆಸರಿಗೆ ಬಳಿದ ಮಸಿಯನ್ನು ಅವಳು ತೊಳೆದುಬಿಡಬಹುದಿತ್ತು. ಅವಳ ಬಾಯಿಯೂ ತೆರೆಯಿತು. ಆಗ ಚಪ್ಪಲಿ ಹೊಲಿಯುವವರಲ್ಲಿ ಕಿರಿಯವನು ಗೋಡೆಗೆ ಒತ್ತಿಕೊಂಡು ನಿಂತದ್ದು ಕಂಡಿತು. ವಿಧವೆಯ ಕೈ ಸೆರಗನ್ನು ಹಿಂಡುತ್ತಿತ್ತು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ತಾಯಿ ಮಗಳನ್ನು ತಡೆಯಲಿಲ್ಲ. ಏಟಿಗೆ ಕಾದವಳಂತೆ ಕಣ್ಣು ಮುಚ್ಚಿಕೊಂಡಿದ್ದಳು.

“ನಾನು ಬರೆದದ್ದು ತಪ್ಪು,” ಎಂದಳು ಪೆರ್ಲಾ. “ಕ್ಷಮಿಸಬೇಕು.”

“ಏನು ತಪ್ಪು? ಎಲ್ಲಿ ತಪ್ಪು?” ಎಂದ ನಿಸ್ಸಿಮ್. “ಬಿಡಿಸಿ ಹೇಳಿ.”

“ಹೇಳೋಕಾಗಲ್ಲ.”

“ಅವರೂ ಇದೇ ಮಾತು ಹೇಳಿದ್ರಲ್ಲ? ಅದಕ್ಕೆ ನೀವು ಸೊನ್ನೆ ಹಾಕಿದ್ರಿ.”

ಯಾರೋ ಹಿಂದಿನಿಂದ, “ಲೆಕ್ಕ ಕೇಳೋಕೆ ಬರುತ್ತೆ, ಕೊಡೋಕೆ ಬರಲ್ಲ,” ಎಂದರು. ಪೆರ್ಲಾ ಪೆಟ್ಟಿಗೆಯ ಅಂಚನ್ನು ಮುಟ್ಟಿ ಹಿಂದೆ ಸರಿದಳು. ಈ ಸಲವೂ ಅವಳಿಗೆ ಯಾರೂ ಜಾಗ ಬಿಡಲಿಲ್ಲ.

ಗಂಡಸರು ಪೆಟ್ಟಿಗೆ ಎತ್ತಿದರು. ಹನೀನಾ ಹಳೆಯ ಬುಟ್ಟಿಯೊಂದನ್ನು ತಂದು ಅದರೊಳಗೆ ರಾಶಿಯ ಒಂದಷ್ಟು ಕಲ್ಲುಗಳನ್ನು ತುಂಬಿದಳು. ಒರಳಿನ ಹೋಳನ್ನು ಎಲ್ಲಕ್ಕಿಂತ ಮೇಲಿಟ್ಟು ಬಟ್ಟೆ ಮುಚ್ಚಿದಳು.

“ಸಮಾಧಿ ಮೇಲೆ ಕಲ್ಲಿಡ್ತೀವಲ್ಲ, ಅದಕ್ಕೆ. ಅಣ್ಣ ಹಾಗೆ ಹೇಳಿ ಹೋಗಿದ್ದಾನೆ,” ಎಂದು ಬುಟ್ಟಿಯನ್ನು ಪೆರ್ಲಾಳ ಮುಂದೆ ಸರಿಸಿದಳು. “ನಿಂಗೆ ಹೊತ್ತು ಅಭ್ಯಾಸ ಇದೆಯಲ್ಲ.”

ಆ ಕೇರಿಯಲ್ಲಿ ಹೆಂಗಸರು ಶವದ ಹಿಂದೆ ಬೀದಿಯ ತಿರುವಿನಿಂದ ಮುಂದೆ ಹೋಗುವುದಿಲ್ಲ. ಪೆರ್ಲಾ ಬುಟ್ಟಿ ಹೊತ್ತು ಬೀದಿಯ ಅಂಚಿನಲ್ಲಿ, ಗೋಡೆಯ ನೆರಳಿನಲ್ಲಿ ನಡೆದಳು. ಹಿಡಿ ತೋಳಿಗೆ ಕೊರೆಯಿತು. ತಿರುವಿನಲ್ಲಿ ಸ್ಮಶಾನದ ಕಾವಲುಗಾರ ಅಲ್ಲಾಲ್ ಕಾಯುತ್ತಿದ್ದ. ಬುಟ್ಟಿಗೆ ಕೈಯೊಡ್ಡಿದವನು, ಭಾರಕ್ಕೆ ತೋಳು ಜಗ್ಗಿ, “ಅಬ್ಬಾ, ಏನಿದೆ ತಾಯಿ ಇದರಲ್ಲಿ?” ಎಂದ.

ಬಟ್ಟೆಯ ಒಂದು ಮೂಲೆ ಗಾಳಿಗೆ ಎದ್ದಿತ್ತು. ಅವಳು ಅದನ್ನೆಳೆದು ಅಂಚಿಗೆ ಸಿಕ್ಕಿಸಿದಳು.

“ತುಂಬಿದೆ,” ಎಂದಳು.

ಅವನು ಎರಡೂ ಕೈಯಲ್ಲಿ ಇಸಿದುಕೊಂಡ.